ಮೆಟ್ಟಿಲ ಸದ್ದು

"ಸ್ವಲ್ಪ ಕೈ ಎತ್ತಿ ಹಿಡಿ," ಎಂದರು ಅತ್ತೆ. ಮಗಳು ಅಪ್ಪನ ತಣ್ಣನೆಯ ಕೈಯನ್ನು ಎತ್ತಿದಳು. ನೀಲಿ ಕೋಟಿನ ತೋಳು ಮೊಣಕೈವರೆಗೆ ಬಂದು ಸಿಕ್ಕಿಕೊಂಡಿತು.

"ಇದೇ ಆಗಬೇಕಾ ಅತ್ತೆ? ಬೇರೆ ಅಂಗಿ ಇಲ್ವಾ?"

"ಮೂವತ್ತೊಂದು ವರ್ಷ ಇದನ್ನೇ ಹಾಕಿದ್ದು. ಬೇರೆ ಹಾಕಿದ್ರೆ ನಮ್ಮಣ್ಣನ ಗುರುತು ನನಗೇ ಸಿಗಲ್ಲ."

ಕಿಟಕಿಯಾಚೆ, ಬೀದಿಯ ನೆತ್ತಿಯ ಮೇಲೆ, ಸಾಲು ಕಂಬಗಳು ಹೊತ್ತು ನಿಂತ ರೈಲು ನಿಲ್ದಾಣ. ಅಪ್ಪ ಅಲ್ಲಿ ಸೀಟಿ ಊದಿ ರೈಲು ಬಿಡುತ್ತಿದ್ದ. ಮಗಳು ಆ ನಿಲ್ದಾಣ ಹತ್ತಿ ಇಪ್ಪತ್ತೆರಡು ವರ್ಷವಾಗಿತ್ತು. ಇವತ್ತೂ ಎರಡು ಬಸ್ಸು ಬದಲಿಸಿಯೇ ಬಂದಿದ್ದಳು.

ಅಪ್ಪನ ಕಾಲದ ರೈಲು ಚಾಲಕ ಒಳಗೆ ಬಂದು ಅಪ್ಪನ ಪಾದದ ಬಳಿ ನಿಂತ. "ಹೊರಟೇಬಿಟ್ಟೆಯೇನೋ, ಇಣುಕಪ್ಪ."

"ಇಣುಕಪ್ಪನಾ?" ಎಂದಳು ಮಗಳು.

"ನಿನ್ನ ದೆಸೆಯಿಂದ ಬಂದ ಹೆಸರು ಕಣಮ್ಮ. ಗೊತ್ತಿಲ್ವಾ?"

*

ನಿಲ್ದಾಣ ಕಟ್ಟಿದಾಗ ಮೆಟ್ಟಿಲು ಕಬ್ಬಿಣದ್ದು. ಯಾರಾದರೂ ಓಡಿ ಹತ್ತಿದರೆ ಮೇಲಿನವರೆಗೂ ಧಡಧಡ ಎನ್ನುತ್ತಿತ್ತು. ಅಪ್ಪ ಬೆನ್ನು ತಿರುಗಿಸಿ ನಿಂತೇ ಹೇಳುತ್ತಿದ್ದ: ಇಬ್ಬರು ಬರ್ತಿದ್ದಾರೆ, ಒಬ್ಬರಿಗೆ ವಯಸ್ಸಾಗಿದೆ. ಅವರು ರೈಲು ಹತ್ತುವವರೆಗೆ ಸೀಟಿ ಬಾಯಿಗೆ ಹೋಗುತ್ತಿರಲಿಲ್ಲ. "ನಿನ್ನ ಹೆಜ್ಜೆ ನೂರು ಜನರ ನಡುವೆಯೂ ಗೊತ್ತಾಗುತ್ತೆ ಕಣೇ," ಎನ್ನುತ್ತಿದ್ದ.

ದೂರದ ಊರಿನ ನರ್ಸಿಂಗ್ ಶಾಲೆಯಲ್ಲಿ ಅವಳಿಗೆ ಸಂದರ್ಶನವಿತ್ತು. ಹಿಂದಿನ ದಿನ ಜಗಳವಾಯಿತು. ಅಷ್ಟು ದೂರ ಬೇಡ ಎಂದು ಅಪ್ಪ ಹಟ ಹಿಡಿದ. ಬೆಳಿಗ್ಗೆ ಅವಳು ಮೆಟ್ಟಿಲು ಓಡಿ ಹತ್ತಿ ಮೇಲೆ ಕಾಲಿಟ್ಟಾಗಲೇ ಸೀಟಿ ಕೇಳಿತು. ಅಪ್ಪ ಬೆನ್ನು ಹಾಕಿ ನಿಂತಿದ್ದ. ರೈಲು ಹೊರಟಿತು. ಅವನು ತಿರುಗುವ ಮೊದಲೇ ಅವಳು ಇಳಿದುಹೋದಳು.

ಮನೆಯಲ್ಲಿ ಅವಳು ಏನೂ ಹೇಳಲಿಲ್ಲ. ಅಪ್ಪನೂ ಏನೂ ಕೇಳಲಿಲ್ಲ. ಬೇಕೆಂದೇ ರೈಲು ಬಿಟ್ಟ ಅನ್ನುವುದಕ್ಕೆ ಕೇಳದೆ ಇದ್ದದ್ದೇ ಸಾಕ್ಷಿ ಎಂದುಕೊಂಡಳು.

*

"ಅವತ್ತಿಗೆ ಕಬ್ಬಿಣ ಕಿತ್ತು ಸಿಮೆಂಟು ಮೆಟ್ಟಿಲು ಹಾಕಿ ಮೂರೇ ದಿನ ಆಗಿತ್ತು," ಎಂದ ಚಾಲಕ. "ಸದ್ದೇ ಇಲ್ಲ. ನಿಮ್ಮಪ್ಪನಿಗೆ ಕಿವಿ ಹೋದ ಹಾಗಾಗಿತ್ತು. ನಾನು ಕನ್ನಡೀಲಿ ನಿನ್ನ ನೋಡೋ ಹೊತ್ತಿಗೆ ಗಾಡಿ ಹೊರಟಾಗಿತ್ತು. ವಾಪಸ್ ಬಂದಾಗ ಹೇಳಿದೆ. ಅಲ್ಲೇ ಕೂತ್ಬಿಟ್ಟ."

ಮಗಳು ಅಪ್ಪನ ಕೈ ಬಿಟ್ಟಿರಲಿಲ್ಲ.

"ಮಾರನೇ ದಿನದಿಂದ ಪ್ರತಿ ರೈಲಿಗೂ ಮೆಟ್ಟಿಲ ತುದಿಗೆ ಹೋಗಿ, ಕೆಳಗೆ ಇಣುಕಿ, ಆಮೇಲೆ ಸೀಟಿ. ರೈಲು ತಡ ಆಗುತ್ತೆ ಅಂತ ಸಾಹೇಬ್ರು ಬೈದ್ರು. ಜನ ಇಣುಕಪ್ಪ ಅಂತ ನಕ್ರು. ಬಿಡಲಿಲ್ಲ."

"ಅಪ್ಪ ನಂಗ್ಯಾಕೆ ಹೇಳಲಿಲ್ಲ ಮಾಮ?"

"ನೀನು ಬೈತೀಯ ಅಂತ ಕಾಯ್ತಿದ್ದ. ಬೈದಿದ್ರೆ ಹೇಳ್ಕೋಬಹುದಿತ್ತು. ನೀನು ಬೈಯಲೇ ಇಲ್ಲವಂತೆ."

"ಇಬ್ಬರದೂ ಒಂದೇ ಅಚ್ಚು," ಎಂದರು ಅತ್ತೆ, ಗುಂಡಿ ಹಾಕುತ್ತ, ತಲೆಯೆತ್ತದೆ.

ಹೊತ್ತಾಯಿತು. ನಾಲ್ವರು ಅಪ್ಪನನ್ನು ಹೆಗಲಿಗೇರಿಸಿ ಬೀದಿಗೆ ತಂದರು. ಮುಂದಿನವನು ಮಗಳ ಕಡೆ ನೋಡಿದ.

"ಹೊರಡೋಣವಾ ಅಕ್ಕ?"

ಇನ್ನೂ ಯಾರಾದರೂ ಓಡಿ ಬರುತ್ತಿದ್ದಾರೇನೋ ಎಂದು ಅವಳು ಬೀದಿಯ ತುದಿಯತ್ತ ಇಣುಕುತ್ತಲೇ ಇದ್ದಳು. ಮೇಲೆ ಒಂದು ರೈಲು ಬಂದು ಹೋಯಿತು, ಇನ್ನೊಂದು ಬಂತು. ಹೊತ್ತವರು ಹೆಗಲು ಬದಲಿಸಿಕೊಂಡು, ಅವಳನ್ನೇ ನೋಡುತ್ತ ನಿಂತರು.