ಹತ್ತಿದೆ ಅಂದರೋ, ಹತ್ತಿದ್ದೆ ಅಂದರೋ

ನನ್ನ ಗಂಡ ದೊಡ್ಡಬಸವರಾಜ ಸಿರುಗುಪ್ಪದಲ್ಲಿ ಅಕ್ಕಿ ವ್ಯಾಪಾರ ಮಾಡುತ್ತಾರೆ. ಹೊರರಾಜ್ಯದ ಗಿರಾಕಿಗಳ ಜೊತೆ ಇಂಗ್ಲಿಷ್ ಮಾತಾಡಬೇಕೆಂದು, ಬಳ್ಳಾರಿಯ ನಮ್ಮ ಮನೆಯಲ್ಲಿ ನಾನೇ ನಡೆಸುವ ಸಂಜೆ ಕ್ಲಾಸಿಗೆ ಬಂದು ಕೂತರು. ನನಗೆ ಹೆಮ್ಮೆಯಾಯಿತು. ಆಮೇಲೆ ಕುರುಗೋಡಿನಿಂದ ರಶ್ಮಿ ಬಂದು ಸೇರಿದಳು. ಬ್ಯಾಂಕಿನ ಇಂಟರ್‌ವ್ಯೂಗೆ ತಯಾರಿಯಂತೆ. ಚೆಲುವೆ, ಜಾಣೆ. ಎರಡೂ ಒಬ್ಬಳಲ್ಲೇ ಇರಬೇಕಿತ್ತೇ?

ಅವಳು ಬಂದಮೇಲೆ ಇವರು ಕ್ಲಾಸಿಗೆ ಇಸ್ತ್ರಿ ಅಂಗಿ ಹಾಕತೊಡಗಿದರು. ನನ್ನ ಜೊತೆ ಉಣ್ಣುವಾಗ ಫೋನಿನಿಂದ ಕಣ್ಣೆತ್ತದ ಮನುಷ್ಯ, ಅವಳು ಬಾಯಿ ತೆರೆದರೆ ಮೈಯೆಲ್ಲ ಕಿವಿ. ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು ಬಂತು?

ಮೊನ್ನೆ ಹೊರಗೆ ಇವರು, ರಶ್ಮಿ ಇಬ್ಬರೇ; ಉಳಿದವರು ಇನ್ನೂ ಬಂದಿರಲಿಲ್ಲ. ನಾನು ಒಳಗೆ ಚಹಾಕ್ಕೆ ಇಟ್ಟಿದ್ದೆ. ಪಕ್ಕದ ಒಲೆಯ ಕುಕ್ಕರಿನ ಸೀಟಿಯಲ್ಲಿ ಹೊರಗಿನದೇನೂ ಕೇಳಲಿಲ್ಲ. ಪರದೆ ಸರಿಸಿ ಬಂದರೆ ಇವರ ಮುಖದಲ್ಲಿ ನಗುವಿನ ಬಾಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಬಾಯಿ ಒರೆಸಿಕೊಂಡರು.

"ಯಾಕ ನಗು?"

"ಏನಿಲ್ಲ ಶಶಿರೇಖಾ, ನೀ ಬಂದಾಗ ನಗಾಕತ್ತಿದೆ."

ನಗಾಕ ಹತ್ತಿದೆ ಅಂದರೋ, ಹತ್ತಿದ್ದೆ ಅಂದರೋ? ನಮ್ಮ ಕಡೆಯ ಮಾತಿನ ಗತಿಯೇ ಇಷ್ಟು, ಓಟದಲ್ಲಿ ಎರಡೂ ಒಂದೇ ಥರ ಕೇಳುತ್ತವೆ. ಹತ್ತಿದೆ ಅಂದರೆ ನನ್ನನ್ನು ಕಂಡಮೇಲೆ ನಗಲು ಶುರುಮಾಡಿದರು; ಆ ನಗು ನನ್ನದು. ಹತ್ತಿದ್ದೆ ಅಂದರೆ ನಾನು ಬರುವ ಮೊದಲೇ ನಗುತ್ತಿದ್ದರು. ಆ ನಗು ಅವಳದು. ಒಂದು ಒತ್ತಕ್ಷರಕ್ಕೆ ನನ್ನ ಸಂಸಾರ ಜೋತುಬಿದ್ದಿತ್ತು.

"ಇಂಗ್ಲಿಷಿನಾಗ ಬರೀರಿ," ಎಂದು ಚಾಕ್‌ಪೀಸ್ ಕೈಗಿಟ್ಟೆ. ಅಲ್ಲಿ ನಕ್ಕೆ ಅನ್ನುವ ಲಾಫ್ಡ್ ಬೇರೆ, ನಗುತ್ತಿದ್ದೆ ಅನ್ನುವ ವಾಸ್ ಲಾಫಿಂಗ್ ಬೇರೆ. ನುಸುಳಿಕೊಳ್ಳಲು ಸಂದಿಯಿಲ್ಲ.

ಇವರು ಬೋರ್ಡಿನ ಮೇಲೆ ಬರೆದರು: ವೆನ್ ಯು ಕೇಮ್, ಐ ಲಾಫ್ಡ್. ನೀನು ಬಂದಾಗ ನಕ್ಕೆ. ನನ್ನ ಜೀವ ತಣ್ಣಗಾಯಿತು. "ಕರೆಕ್ಟ್," ಎಂದು ರಶ್ಮಿಯ ಕಡೆ ಗೆದ್ದವಳ ಹಾಗೆ ನೋಡಿದೆ.

"ಅಲ್ರಿ ಮೇಡಂ," ಎಂದಳು ಆ ಜಾಣೆ. "ವಾಸ್ ಲಾಫಿಂಗ್ ಆಗಬೇಕು. ಒಂದು ಕೆಲಸ ನಡದಿರತೈತಿ, ನಡುವ ಇನ್ನೊಂದು ಬರತೈತಿ ಅಂತ ನೀವ ಹೇಳೀರಲ್ಲ? ನಮ್ಮವ್ವ ಬಸ್ಸಿನಾಗ ಇಂಗ್ಲಿಷ್ ಮಾತಾಡಿದ್ದು ಹೇಳಿದ್ನಿ. ಅಣ್ಣಾರು ಆಗಿಂದ ನಗಾಕತ್ತಿದ್ರು."

ಅಣ್ಣಾರಂತೆ! ನಾನು ಕಲಿಸಿದ ಪಾಠ ನನಗೇ ಒಪ್ಪಿಸುತ್ತಾಳೆ. ಮೈ ಉರಿದುಹೋಯಿತು. ಗಂಡನ ಕಡೆ ತಿರುಗಿದೆ.

"ಅಕೀ ಪಾಲಿಂದು ಆತು. ನಾ ಬಂದಾಗ ಏನಾತು? ಅದನ್ನೂ ಬರೀರಿ."

ಇವರು ಬೋರ್ಡಿಗೆ ತಿರುಗಿದರು. ಲಾಫ್ಡ್ ಅನ್ನು ಅಳಿಸಿ, ಆ ಜಾಗದಲ್ಲಿ ಒಂದೇ ಪದ ಬರೆದರು.

ವೆನ್ ಯು ಕೇಮ್, ಐ ಸ್ಟಾಪ್ಡ್. ನೀನು ಬಂದಾಗ ನಗು ನಿಲ್ಲಿಸಿದೆ.

"ಇದರಾಗೇನರ ತಪ್ಪೈತೇನು?" ಎಂದು ಮೆಲ್ಲಗೆ ಕೇಳಿದರು.

ಹುಡುಕಿದೆ. ಒಂದು ತಪ್ಪೂ ಸಿಗಲಿಲ್ಲ.