ದಿಮ್ಮಿಗಳ ಮೇಲೆ ಮರಿಗಳು

ಮರ ಕೊಯ್ಯುವ ಮಿಲ್ಲಿನ ಹಿಂದೆಯೇ ಅವರ ಮನೆ. ಮಿಲ್ಲು ಮಾವನದು, ಮೇಕೆಗಳು ಸೊಸೆಯವು: ಒಂದು ತಾಯಿ, ಎರಡು ತಿಂಗಳ ಎರಡು ಹೋತಮರಿಗಳು. ಆ ಮರಿಗಳ ಕಾಲು ನೆಲದ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಅಡ್ಡಡ್ಡ ನೆಗೆಯುವುದು, ನೆಗೆದಲ್ಲೇ ಮೈ ತಿರುಚಿ ಇನ್ನೊಂದು ದಿಕ್ಕಿಗೆ ಇಳಿಯುವುದು, ಎತ್ತರದ್ದೇನು ಕಂಡರೂ ಹತ್ತಿ ಒಂದನ್ನೊಂದು ಕೆಳಕ್ಕೆ ನೂಕುವುದು. ಸೊಸೆಯ ನಾಲ್ಕು ವರ್ಷದ ಮಗಳು ಚಿಣ್ಣಿ ಸದಾ ಅವುಗಳ ಬೆನ್ನಿಗೇ. ಮಾವನಿಗೆ ಮಾತ್ರ ಮೇಕೆ ಕಂಡರಾಗದು. ಮಿಲ್ಲಿಗೆ ನುಗ್ಗಿದರೆ ಮಾರಿಬಿಡುತ್ತೇನೆ ಎಂದು ವಾರಕ್ಕೆರಡು ಸಲವಾದರೂ ಗದರುತ್ತಿದ್ದರು.

ಅಂದು ಮಧ್ಯಾಹ್ನ ಕರೆಂಟು ಹೋಗಿ ಗರಗಸ ನಿಂತಿತ್ತು. ಸೊಸೆ ಬಟ್ಟೆ ಒಣಹಾಕಿ ತಿರುಗಿದರೆ ಅಂಗಳದಲ್ಲಿ ಮಗಳೂ ಇಲ್ಲ, ಮರಿಗಳೂ ಇಲ್ಲ. ಮಿಲ್ಲಿನ ಕಡೆಯಿಂದ ಗೊರಸಿನ ಟಕಟಕ ಕೇಳಿ ಓಡಿದಳು. ಹಿಂದಿನ ದಿನ ಲಾರಿಯಿಂದ ಇಳಿಸಿದ್ದ ದಿಮ್ಮಿಗಳ ರಾಶಿ ಆಳೆತ್ತರವಿತ್ತು. ಅದರ ನೆತ್ತಿಯ ಮೇಲೆ ಮರಿಗಳು ಗುದ್ದಾಡುತ್ತಿದ್ದವು. ಪಕ್ಕದಲ್ಲೇ ಚಿಣ್ಣಿ, ಎರಡೂ ಕೈ ಚಾಚಿ ನಿಂತಿದ್ದಳು.

ಸೊಸೆ ಕೂಗುವ ಮೊದಲೇ ಮಾವ ಹಿಂದಿನಿಂದ ಬಂದು ಅವಳ ಭುಜ ಹಿಡಿದು, ಕಣ್ಣಲ್ಲೇ ಕೆಳಗೆ ತೋರಿಸಿದರು. ಬುಡದ ದಿಮ್ಮಿಗೆ ಒತ್ತು ಕೊಟ್ಟಿದ್ದ ಬೆಣೆಗಳಲ್ಲಿ ಒಂದು ಕಳಚಿ ಬಿದ್ದಿತ್ತು, ಇನ್ನೊಂದು ಅರ್ಧ ಜಾರಿತ್ತು. ಮರಿಗಳು ನೆಗೆದಾಗಲೆಲ್ಲ ರಾಶಿ ಕಿರ್ ಎನ್ನುತ್ತಿತ್ತು. ಬೆಣೆ ಬಡಿಯಲು ಈಗ ಸುತ್ತಿಗೆ ಎತ್ತಿದರೆ ಆ ಪೆಟ್ಟಿಗೇ ಎಲ್ಲ ಅದುರಿ ಬೀಳುವಂತಿತ್ತು.

ಸೊಪ್ಪು ತೋರಿಸಿ ಮರಿಗಳನ್ನು ಕರೆಯಲೇ ಎಂದು ಅವಳು ಪಿಸುಗುಟ್ಟಿದಳು.

"ಬೇಡಮ್ಮ. ಅವು ಹಾರಿದ್ರೆ ಇವಳೂ ಹಾರ್ತಾಳೆ. ನೀನು ಹಿಂದಿನ ಗೋಡೆ ಕಡೆಯಿಂದ ಹತ್ತು. ನಾನು ಮುಂದೆ ನಿಂತ್ಕೋತೀನಿ."

ರಾಶಿ ಉರುಳಿದರೆ ಬೀಳುವುದು ಆ ಮುಂದಿನ ಜಾಗಕ್ಕೇ. ಅವಳಿಗೆ ಅದು ಗೊತ್ತಿತ್ತು, ಆದರೂ ಗೋಡೆಯ ಕಡೆಗೆ ಸರಿದಳು.

"ತಾತ, ಈಗ ನಾನು ಹಾರ್ತೀನಿ," ಎಂದಳು ಚಿಣ್ಣಿ.

"ಮೊದಲು ನಂದು ಆಟ," ಎಂದರು ಅವರು, ಹೊತ್ತು ಕಳೆಯಲು ಬಂದವರ ಹಾಗೆ. "ಕೂತ್ಕೊಂಡು ನೋಡು, ಯಾರು ಗೆಲ್ತಾರೆ ಅಂತ."

ಎರಡೂ ಅಂಗೈಗಳನ್ನು ದಿಮ್ಮಿಯ ಅಂಚಿಗೆ ಎತ್ತಿ ಹಿಡಿದರು. ಮರಿಗಳು ಗುದ್ದಾಟ ಬಿಟ್ಟು ನೇರ ಬಂದು ಒಂದೊಂದು ಕೈಗೆ ಒಂದೊಂದು ಹಣೆ ಕೊಟ್ಟು ತಳ್ಳತೊಡಗಿದವು. ಕೊಂಬು ಮೊಳೆಯುತ್ತಿದ್ದ ಆ ಹಣೆಗಳನ್ನು ಮಾವ ಹದವಾಗಿ ಒತ್ತುತ್ತಾ, ಹಿಂದೆ ಸರಿಯಲೂ ಮುಂದೆ ನುಗ್ಗಲೂ ಬಿಡದೆ ಹಿಡಿದರು. ಚಿಣ್ಣಿ ಕುಕ್ಕರುಗಾಲಲ್ಲಿ ಕೂತು ನಕ್ಕಳು.

ಸೊಸೆ ಗೋಡೆಯ ಇಟ್ಟಿಗೆ ಸಂದಿಯಲ್ಲೊಂದು ಕಾಲು, ದಿಮ್ಮಿಯ ಮೇಲೊಂದು ಕಾಲು ಇಟ್ಟು ಏರಿದಳು. ಪಾದದಡಿ ತೊಗಟೆ ಸುಲಿದು ಜಾರಿತು. ಉಸಿರು ಬಿಗಿಹಿಡಿದು ನಿಂತಳು. ರಾಶಿ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಇನ್ನೊಂದು ಹೆಜ್ಜೆಗೆ ಮಗಳ ಸೊಂಟ ಕೈಗೆ ಸಿಕ್ಕಿತು. ಎದೆಗೆ ಅವುಚಿಕೊಂಡು ಗೋಡೆಗೆ ಬೆನ್ನು ತರಚಿಕೊಳ್ಳುತ್ತಲೇ ಇಳಿದಳು.

ಅವಳ ಪಾದ ನೆಲ ಮುಟ್ಟಿತ್ತಷ್ಟೇ, ಅಂಗಳದಲ್ಲಿ ತಾಯಿ ಮೇಕೆ ಕೂಗಿತು. ಮರಿಗಳೆರಡೂ ಮಾವನ ತಲೆಯ ಮೇಲಿಂದ ನೆಗೆದು ಅಂಗಳಕ್ಕೆ ಓಡಿದವು. ಉಳಿದ ಬೆಣೆ ಚಿಮ್ಮಿತು. ದಿಮ್ಮಿಗಳು ದಡದಡನೆ ಉರುಳಿ ಮಿಲ್ಲಿನ ತುಂಬ ಧೂಳೆದ್ದಿತು.

ಧೂಳು ಇಳಿದಾಗ, ಪಕ್ಕಕ್ಕೆ ಹಾರಿದ್ದ ಮಾವ ಗರಗಸದ ಕಟ್ಟೆಗೆ ಒರಗಿ ಕೂತಿದ್ದರು. ಎಡಗಾಲಿನ ಎರಡು ಬೆರಳು ಜಜ್ಜಿಹೋಗಿದ್ದವು. ಸೊಸೆ ಟವೆಲು ಹರಿದು ಕಟ್ಟತೊಡಗಿದಳು. ನಾಳೆಯೇ ಮೇಕೆಗಳನ್ನು ಮಾರಿಬಿಡುತ್ತೇನೆ ಎಂದಳು.

"ಬೆಳಿಗ್ಗೆ ನೀವೆಲ್ಲ ಏಳೋಕೆ ಮುಂಚೆ ಮರಿಗಳು ದಿನಾ ಇಲ್ಲಿಗೆ ಬರ್ತವೆ," ಎಂದರು ಮಾವ, ಅವಳ ಮುಖ ನೋಡದೆ. "ದಿಮ್ಮಿ ಹತ್ತಿಸಿ ಆಡಿಸ್ತಿದ್ದದ್ದು ನಾನೇ."

ಸೊಸೆ ಗಂಟನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದಳು. ಅವರು ಹಲ್ಲು ಕಚ್ಚಿ ಸಹಿಸಿದರು.

ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ, ಬೆಳಕಿರುವಾಗಲೇ, ಅವರು ಸ್ಟೂಲಿನ ಮೇಲೆ ಕೂತು, ಮರಿಗಳೂ ಚಿಣ್ಣಿಯೂ ನುಗ್ಗದಂತೆ, ಮಿಲ್ಲಿನ ಬಾಗಿಲಿಗೆ ಅಡ್ಡಲಾಗಿ ಹಲಗೆ ಹೊಡೆದರು. ಸೊಸೆ ಒಂದೊಂದಾಗಿ ಹಲಗೆ ಎತ್ತಿ ಹಿಡಿದಳು.