ಎರಡನೆಯ ಸಾಲಿನ ಮೂರನೆಯ ಹಾಳೆ

ಜ್ಞಾನೇಶ್ವರ ಮಾಸ್ತರರು ಆ ಬೇಸಿಗೆಯಲ್ಲಿ ಒಂದು ಕಡೆ ನಿಂತವರಲ್ಲ. ಬೆಳಿಗ್ಗೆ ಎದ್ದು, ಬುದ್ಧನ ಮತ್ತು ಬಾಬಾಸಾಹೇಬರ ಪಟಗಳ ಮುಂದೆ ಮೇಣದ ಬತ್ತಿ ಹಚ್ಚಿ, ತ್ರಿಶರಣ ಪಂಚಶೀಲ ಹೇಳಿ ಮುಗಿಸುವಷ್ಟರಲ್ಲೇ ಅವರ ಕಾಲು ಹೊಸ್ತಿಲ ಕಡೆ ತಿರುಗಿರುತ್ತಿತ್ತು. ಬಸವಕಲ್ಯಾಣದ ಮನೆಯಿಂದ ಹುಮನಾಬಾದಿಗೆ, ಹುಮನಾಬಾದಿನಿಂದ ಮರಳಿ ಕಲ್ಯಾಣಕ್ಕೆ, ಅಲ್ಲಿಂದ ಮಂಠಾಳದ ದಾರಿಗೆ. ಹೆಂಡತಿ ದ್ರೌಪತಿ ತಟ್ಟೆ ಹಾಕಿ ಕಾದರೆ, "ಒಂದು ಹಾಳಿ ಸಿಗವಲ್ದು," ಎಂದು ಅರ್ಧ ರೊಟ್ಟಿಗೇ ಏಳುವರು.

ಆ ಹಾಳೆಯ ಸಂಗತಿ ಹೀಗೆ. ಅವರ ಒಬ್ಬಳೇ ಮಗಳು ಸ್ನೇಹಲ ಮಂಠಾಳದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ವಿಜ್ಞಾನದ ಕೋಣೆಯ ಗೋಡೆಯ ಮೇಲೆ ಅವಳು ಒಂದು ದೊಡ್ಡ ಚಂದ್ರನನ್ನು ಕೂಡಿಸತೊಡಗಿದ್ದಳು. ಬಾಹ್ಯಾಕಾಶ ನೌಕೆ ತೆಗೆದ ಒಂದು ಫೋಟೋವನ್ನು ಹದಿನಾರು ತುಂಡು ಮಾಡಿ, ಒಂದೊಂದು ತುಂಡನ್ನು ಎರಡು ಅಡಿ ಹಾಳೆಯ ಮೇಲೆ ಮುದ್ರಿಸಿ, ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕಾಗಿ ಅಂಟಿಸುವುದು. ಒಮ್ಮೆಲೆ ಅಲ್ಲ, ವಾರಕ್ಕೆ ಒಂದೇ ಹಾಳೆ. ಆ ವಾರವೆಲ್ಲ ಮಕ್ಕಳು ಆ ಹಾಳೆಯ ಕುಳಿಗಳನ್ನು ಎಣಿಸಬೇಕು, ಚಿತ್ರ ಬರೆಯಬೇಕು. ಶನಿವಾರ ಅದು ಗೋಡೆಗೆ ಹೋಗಬೇಕು. ಯಾವ ಜಾಗದ ಹಾಳೆ ಎಂಬುದನ್ನು ಮಕ್ಕಳೇ ಆರಿಸುವರು. ಹದಿನೈದು ಶನಿವಾರ ಹೀಗೆ ನಡೆಯಿತು. ಹದಿನಾರನೆಯ ಶನಿವಾರ ಸ್ನೇಹಲ ಜ್ವರದಿಂದ ಮಲಗಿದ್ದಳು. ಅದರ ಮುಂದಿನ ಶನಿವಾರ ಅವಳಿರಲಿಲ್ಲ. ಎರಡನೆಯ ಸಾಲಿನಲ್ಲಿ ಮೂರನೆಯ ಜಾಗ ಖಾಲಿ ಉಳಿಯಿತು.

ಈಗ ಶಾಲೆಗೆ ಬಣ್ಣ ಬಳಿಸುವ ಕಾಲ ಬಂದಿತ್ತು. ಹೆಡ್ ಮಾಸ್ತರ ಸಂಗಪ್ಪ ಈಚೆಗೆ ವರ್ಗವಾಗಿ ಬಂದವರು, ಕನ್ನಡ ಕಲಿಸುವವರು, ಒಳ್ಳೆಯ ಮನುಷ್ಯ.

"ಪೂರ್ತಿ ಆದ್ರ ಆ ಗೋಡಿ ಬಿಟ್ಟು ಉಳಿದಿದ್ದಕ್ಕ ಬಣ್ಣ ಹಚ್ಚಸ್ತೀನ್ರಿ ಸರ್," ಎಂದಿದ್ದರು. "ನಡುವ ಹಿಂಗ ತೂತು ಇದ್ರ ಮ್ಯಾಲಿನವರು ಕೇಳ್ತಾರ. ಸೋಮವಾರ ಪೇಂಟರ್ ಬರ್ತಾನ. ಅಷ್ಟರೊಳಗ ನೋಡ್ರಿ."

ಮೂಲ ಫೋಟೋ ಯಾರ ಬಳಿಯೂ ಇರಲಿಲ್ಲ. ಸ್ನೇಹಲಳ ಫೋನಿಗೆ ಬೀಗದ ಅಂಕಿ ಇತ್ತು. ಅದು ಅವಳ ಸಂಗಡವೇ ಹೋಯಿತು. ಹಾಳೆಗಳನ್ನು ಮುದ್ರಿಸಿದವನು ಹುಮನಾಬಾದಿನ ಅಲ್ತಾಫ. ಅವನದು ಬ್ಯಾನರು, ಲಗ್ನಪತ್ರಿಕೆಗಳ ಅಂಗಡಿ. ಕಾಲೇಜಿನಲ್ಲಿ ಸ್ನೇಹಲಳಿಗಿಂತ ಎರಡು ವರ್ಷ ಕಿರಿಯ. ಅವಳು ಪ್ರತಿ ಸಲ ಅಂಗಡಿಯ ಕಂಪ್ಯೂಟರಿನಲ್ಲಿ ತನ್ನ ಇ-ಮೇಲ್ ತೆರೆದು ಆ ವಾರದ ಒಂದೇ ತುಂಡು ಕೊಟ್ಟು, ಮುಚ್ಚಿ ಹೋಗುತ್ತಿದ್ದಳಂತೆ.

ಮಾಸ್ತರರು ಮೊದಲು ತಮ್ಮ ಫೋನಿನಲ್ಲೇ ಒಂದು ಚಂದ್ರನನ್ನು ಹುಡುಕಿ ಒಯ್ದರು. ಅಂಗೈಯಲ್ಲಿ ಅದು ಬೆಣ್ಣೆಯ ಮುದ್ದೆಯ ಹಾಗೆ ನುಣ್ಣಗಿತ್ತು. ಅಲ್ತಾಫ ಅದನ್ನು ಎರಡು ಅಡಿಗೆ ಹಿಗ್ಗಿಸಿದ ಕೂಡಲೆ ಇಟ್ಟಂಗಿ ಇಟ್ಟಂಗಿಯಾಗಿ ಒಡೆಯಿತು.

"ಇದು ಹೆಸರಿಗಷ್ಟೇ ಫೋಟೋ ಅದರಿ ಮಾಸ್ತರ್," ಎಂದು ಅಲ್ತಾಫ ನಕ್ಕ. "ಸ್ನೇಹಲಕ್ಕ ಇಂಥಾದ್ದು ತರ್ತಿದ್ದಿಲ್ಲ. ಆ ನೌಕಾ ಬಿಟ್ಟವರದೇ ಖಜಾನಿ ಇರ್ತದ, ಆನ್‌ಲೈನ್‌ದಾಗ. ಅಲ್ಲಿ ಸಣ್ಣ ಚಿತ್ರದ ಕೆಳಗ ಅಸಲಿ ಸೈಜಿಂದು ಕೊಟ್ಟಿರ್ತಾರ. ಅದನ್ನ ಇಳಸಬೇಕು."

ಅಂದಿನಿಂದ ಮಾಸ್ತರರಿಗೆ ಆ ಖಜಾನೆಯ ಗೀಳು ಹತ್ತಿತು. ಎಂಥ ಖಜಾನೆ! ಹೋದ ನೌಕೆಗಳು, ಇಳಿದವು, ಸುತ್ತಿದವು. ಒಂದೊಂದರದು ಸಾವಿರಾರು ಚಿತ್ರ. ಹೆಸರಿನ ಬದಲು ಅಂಕಿಗಳು. ಯಾರು ಬೇಕಾದರೂ ಬಂದು ಒಯ್ಯಿರಿ ಎಂದು ಬಾಗಿಲು ತೆಗೆದಿಟ್ಟಿದ್ದರು, ಆದರೆ ತಮಗೆ ಬೇಕಾದದ್ದರ ಹೆಸರು ಮಾಸ್ತರರಿಗೆ ಗೊತ್ತಿರಲಿಲ್ಲ. ಅವರ ಬಳಿ ಇದ್ದ ಗುರುತು ಇಷ್ಟೇ: ಖಾಲಿ ಜಾಗದ ನಾಲ್ಕು ಅಂಚುಗಳನ್ನು ಫೋನಿನಲ್ಲಿ ಹಿಡಿದುಕೊಂಡಿದ್ದರು. ಎಡದ ಅಂಚಿನಲ್ಲಿ ಅರ್ಧ ಕತ್ತರಿಸಿದ ಒಂದು ದೊಡ್ಡ ಕುಳಿ, ಕೆಳಗಿನ ಅಂಚಿನಲ್ಲಿ ಒಂದರ ಬಾಲ ಒಂದು ಹಿಡಿದಂತೆ ಮೂರು ಸಣ್ಣವು. ಅದಕ್ಕೆ ಹೊಂದುವ ಉಳಿದರ್ಧ ಯಾವ ಚಿತ್ರದಲ್ಲಿದೆಯೋ ಅದೇ ಸ್ನೇಹಲಳ ಚಿತ್ರ. ಗೋಡೆಯನ್ನು ಇಡಿಯಾಗಿ ಅವರು ನೋಡಿರಲಿಲ್ಲ. ಕೋಣೆ ಸಣ್ಣದು, ಬೀರುಗಳು ಎದೆಗೆ ಬಂದಿದ್ದವು. ಜಾಗ ಇದ್ದರೂ ನೋಡುತ್ತಿದ್ದರೋ ಇಲ್ಲವೋ. ಮಗಳ ಕೈ ಆಡಿದ ಹಾಳೆಗಳ ಮೇಲೆ ಕಣ್ಣು ನಿಲ್ಲುತ್ತಿರಲಿಲ್ಲ. ಮೂಗು ತಾಗುವಷ್ಟು ಹತ್ತಿರ ನಿಂತು, ಅಂಚಿನ ಫೋಟೋ ಹೊಡೆದುಕೊಂಡು, ಹಿಂದೆ ನೋಡದೆ ಹೊರಬಿದ್ದಿದ್ದರು.

ಶುಕ್ರವಾರ ಮಧ್ಯಾಹ್ನ ಅಲ್ತಾಫ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

"ಮಾಸ್ತರ್, ಇದು ಇಪ್ಪತ್ತೇಳನೇ ಚಂದ್ರ. ಆಕಾಶದಾಗ ಇರೋದು ಒಂದೇ ಅದರಿ."

"ನೀ ಹಾಕಿ ನೋಡು ಮೊದಲ."

ಹಾಕಿದ. ಹೊಂದಲಿಲ್ಲ. ತಿರುಗಿಸಿದ, ಹಿಗ್ಗಿಸಿದ, ಕುಗ್ಗಿಸಿದ. ಎಡದ ಕುಳಿಗೆ ಸರಿಹೋದರೆ ಕೆಳಗಿನ ಮೂರು ಎಲ್ಲಿಯೂ ಇಲ್ಲ. ಮಾಸ್ತರರು ಎದ್ದು ಅಂಗಡಿಯ ಬಾಗಿಲಿಗೆ ಹೋದರು, ಹೆದ್ದಾರಿಯ ಲಾರಿಗಳನ್ನು ನೋಡಿದರು, ಮತ್ತೆ ಬಂದು ಕೂತರು, ಮತ್ತೆ ಎದ್ದರು.

"ಒಂದು ಮಾತ್ ಹೇಳ್ಲೇನ್ರಿ?" ಎಂದ ಅಲ್ತಾಫ. "ಬಾಜೂ ಹಾಳಿಂದ ನಾಲ್ಕು ಕುಣಿ ತಗೀತೀನಿ, ಇಲ್ಲಿ ಕೂಡಸ್ತೀನಿ. ಅಂಚು ಬರಾಬರ್ ಮಾಡ್ತೀನಿ. ಲಗ್ನಕ್ಕೇ ಬರದ ಬೀಗರನ್ನ ಫೋಟೋದಾಗ ನಿಂದರಿಸಿ, ಕೈಯಾಗ ಹಾರ ಕೊಟ್ಟಂವ ನಾನು. ಚಂದ್ರನ ಮ್ಯಾಲಿಂದ ಯಾರರ ಜಗಳಕ್ಕ ಬರ್ತಾರೇನ್ರಿ?"

ಮಾಸ್ತರರು ಕೂಡಲೆ ಬೇಡ ಎನ್ನಲಿಲ್ಲ. ಸೋಮವಾರ ಕಣ್ಣಮುಂದಿತ್ತು. ಪೇಂಟರನ ಕೆರೆಯುವ ಕಬ್ಬಿಣದ ಪಟ್ಟಿ ಹದಿನೈದು ಹಾಳೆಗಳ ಮೇಲೆ ಕರಕರ ಆಡುವ ಸದ್ದು ಕಿವಿಯಲ್ಲಿತ್ತು. ನಾಲ್ಕು ಕುಳಿಗಳ ಸುಳ್ಳಿನಿಂದ ಅಷ್ಟೂ ಉಳಿಯುವುದಾದರೆ? ಅವರು ಶರ್ಟಿನ ಗುಂಡಿಯನ್ನು ತಿರುವಿದರು.

"ಬ್ಯಾಡೋ ಅಲ್ತಾಫ," ಎಂದರು ಕೊನೆಗೆ. "ಅದನ್ನ ನೋಡಿ ಮಕ್ಕಳು ಕಲೀತಾವ. ಸುಳ್ಳು ಆಡಂಗಿಲ್ಲ ಅಂತ ದಿನಾ ಮುಂಜಾನಿ ಶೀಲ ಹೇಳಾವ ನಾನು. ನಾಳಿ ಮತ್ತ ಅಂಚು ಅಳದು ಬರ್ತೀನಿ. ಎಲ್ಲೋ ತಪ್ಪಾಗ್ಯಾದ."

ಶನಿವಾರ ಹೊರಡುವಾಗ ದ್ರೌಪತಿ ಸೆರಗು ಹೊದ್ದುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನಾನೂ ಬರ್ತೀನ್ರಿ."

"ನೀ ಬಂದು ಏನ್ ಮಾಡ್ತಿ?"

"ನೀವು ತಿಂಗಳಿಂದ ಹೋಗಿ ಏನ್ ಮಾಡೀರಿ?"

ಇಬ್ಬರೂ ಬಸ್ಸು ಹತ್ತಿದರು.

ಸಂಗಪ್ಪ ಬಾಗಿಲು ತೆರೆದುಕೊಟ್ಟರು. ಶಾಲೆಗೆ ರಜೆ, ಅಂಗಳದಲ್ಲಿ ಮೇಕೆಗಳು ಮಾತ್ರ ಇದ್ದವು. ಮಾಸ್ತರರು ಅಳತೆಯ ಟೇಪು ಹಿಡಿದು ಒಳಗೆ ಹೋದರು. ದ್ರೌಪತಿಗೆ ಹೊಸ್ತಿಲು ದಾಟಲಾಗಲಿಲ್ಲ. ಮಗಳು ನಿಂತು ಪಾಠ ಹೇಳಿದ ನೆಲ ಅದು. ಅವಳು ಪಡಸಾಲೆಯಲ್ಲೇ ನಿಂತು, ಕಿಟಕಿಯ ಸರಳು ಹಿಡಿದು ಒಳಗೆ ನೋಡಿದಳು. ಬೀರುಗಳ ನಡುವಿನಿಂದ, ಮೂರು ಮಾರು ದೂರದಿಂದ, ಇಡೀ ಗೋಡೆ ಅವಳಿಗೆ ಕಂಡಿತು. ಬಹಳ ಹೊತ್ತು ನೋಡಿದಳು.

"ಏನ್ರೀ," ಎಂದು ಕರೆದಳು, "ಇದರಾಗ ಮೊಲ ಎಲ್ಲದರಿ?"

"ಯಾವ ಮೊಲ?"

"ಚಂದ್ರನಾಗಿನ ಮೊಲ. ಸಣ್ಣಾಕಿದ್ದಾಗ ಅಕಿಗೆ ತೋರಿಸಿ ತುತ್ತು ಹಾಕ್ತಿದ್ನಲ್ಲ. ಇದರಾಗ ಕಾಣವಲ್ದು. ಇದು ನಮ್ಮ ಚಂದ್ರ ಅಲ್ಲರಿ."

"ಆ ಖಾಲಿ ಜಾಗದಾಗ ಇರಬೇಕು. ಸುಮ್ನಿರು," ಎಂದರು ಮಾಸ್ತರರು ಸಿಡುಕಿನಿಂದ.

"ಅಷ್ಟು ದೊಡ್ಡ ಮೊಲ ಅಷ್ಟು ಸಣ್ಣ ಜಾಗದಾಗ ಹ್ಯಾಂಗ ಹಿಡೀತದ? ಇಲ್ಲಿ ಬಂದು ನೋಡ್ರಿ."

ಅವರು ಟೇಪು ಸುತ್ತಿಕೊಳ್ಳುತ್ತ ಬಂದು ಅವಳ ಪಕ್ಕ ನಿಂತರು, ಕಿಟಕಿಯೊಳಗೆ ನೋಡಿದರು. ಅವರ ಕೈಯಿಂದ ಟೇಪು ಜಾರಿತು.

ಮೊಲದ ಆ ದೊಡ್ಡ ಕಪ್ಪು ಕಲೆಗಳೇ ಇರಲಿಲ್ಲ. ಬೋಧಿಸತ್ವನು ಮೊಲವಾಗಿ ಹುಟ್ಟಿ ಅತಿಥಿಗೆ ತನ್ನ ಮೈಯನ್ನೇ ಕೊಟ್ಟನೆಂದೂ, ಅದರ ಗುರುತು ಚಂದ್ರನ ಮೇಲೆ ಉಳಿಯಿತೆಂದೂ ಪ್ರತಿ ಹುಣ್ಣಿಮೆ ಬುದ್ಧ ವಿಹಾರದ ಅಂಗಳದಲ್ಲಿ ಹೇಳುತ್ತ ಬಂದವರು ಅವರು. ಆ ಮುಖಕ್ಕೆ ಕೈಮುಗಿದು ಕೈಮುಗಿದು, ಚಂದ್ರನೆಂದರೆ ಅದೊಂದೇ ಎಂದು ತಿಳಿದಿದ್ದರು. ಗೋಡೆಯ ಮೇಲಿನದು ಮೈಲಿಬೇನೆ ಎದ್ದ ಮೈಯಂತೆ ಬರೀ ಕುಳಿ, ಕುಳಿಯ ಒಳಗೆ ಕುಳಿ. ಚಂದ್ರ ನಮಗೆ ಒಂದೇ ಮಗ್ಗುಲು ತೋರಿಸುತ್ತಾನೆ ಎಂಬುದನ್ನು ಅವರೇ ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದರು. ಇದು ಇನ್ನೊಂದು ಮಗ್ಗುಲು. ನೌಕೆ ಸುತ್ತಿ ಹೋಗಿ ತೆಗೆದದ್ದು, ನೆಲದ ಮೇಲೆ ನಿಂತ ಯಾರೂ ಕಾಣದ್ದು. ಮಗಳ ವಿದ್ಯಾರ್ಥಿಗಳಲ್ಲಿ ಒಬ್ಬರನ್ನು ಕೇಳಿದ್ದರೂ ಹೇಳುತ್ತಿದ್ದರು. ಆದರೆ ಚಂದ್ರನ ವಿಷಯದಲ್ಲಿ ಕೇಳುವುದೇನಿದೆ ಎಂದು ಅವರು ಕೇಳಿರಲೇ ಇಲ್ಲ.

"ಅಪ್ಪಾ, ಒಂದು ಶನಿವಾರ ಬಾ, ಮಕ್ಕಳಿಗೆ ಏನು ತೋರಸಾಕತ್ತೀನಿ ನೋಡು," ಎಂದು ಸ್ನೇಹಲ ಎರಡು ಸಲ ಕರೆದಿದ್ದಳು. ಎರಡು ಸಲವೂ ಅವರಿಗೆ ವಿಹಾರದ ಕೆಲಸವಿತ್ತು.

"ನಡಿ," ಎಂದರು ಮಾಸ್ತರರು. "ಹುಮನಾಬಾದಿಗೆ ಹೋಗೂಣು. ನಡಿ, ನಡಿ."

ಕಲ್ಯಾಣದಲ್ಲಿ ಬಸ್ಸು ಬದಲಿಸುವಾಗ ದ್ರೌಪತಿ ನೀರು ಕುಡಿಯುವೆನೆಂದರೂ ಬಿಡಲಿಲ್ಲ. ಅಂಗಡಿಗೆ ಹೋಗಿ, ಏದುಸಿರಿನಲ್ಲೇ ಹೇಳಿದರು. ಅಲ್ತಾಫ ಹಣೆ ಬಡಿದುಕೊಂಡ.

"ಯಾ ಅಲ್ಲಾ! ಬೆನ್ನು ಹುಡುಕೋದು ಬಿಟ್ಟು ಇಪ್ಪತ್ತೇಳು ಸಲ ಮಾರಿ ನೋಡೀವಲ್ರಿ! ಕುಂದರ್ರಿ ಚಾಚಿ, ಚಹಾ ಹೇಳ್ತೀನಿ. ನಿಮ್ಮನ್ನ ಮೊದಲೇ ಕರಕೊಂಡು ಬರಬೇಕಿತ್ತು ಇವರು."

ಈ ಸಲ ಖಜಾನೆಗೆ ಏನು ಕೇಳಬೇಕೆಂದು ಗೊತ್ತಿತ್ತು. ಚಂದ್ರನ ಆಚೆಯ ಮಗ್ಗುಲು ಎಂದು ಕೇಳಿದಾಗ ಚಿತ್ರಗಳ ರಾಶಿ ಒಂದು ಹಿಡಿಗೆ ಇಳಿಯಿತು. ಮೂರನೆಯದರಲ್ಲಿ ಅಲ್ತಾಫ ಕೈ ನಿಲ್ಲಿಸಿದ. ಅದರ ಕೆಳಗಿನ ಅಸಲಿ ಗಾತ್ರದ್ದನ್ನು ಒತ್ತಿದ. ಅದು ಇಳಿಯುವವರೆಗೆ ಚಹಾ ಆರಿತು, ದ್ರೌಪತಿ ಗೋಡೆಗೆ ಒರಗಿ ತೂಕಡಿಸಿದಳು, ಮಾಸ್ತರರು ಬಾಗಿಲಿಗೂ ಮೇಜಿಗೂ ತಿರುಗಿದರು. ಕಡೆಗೆ ಚಿತ್ರ ತೆರೆಯಿತು. ಹಿಗ್ಗಿಸಿದರೆ ಒಡೆಯಲಿಲ್ಲ, ಹಿಗ್ಗಿಸಿದಷ್ಟೂ ಒಳಗೆ ಇನ್ನೂ ಸಣ್ಣ ಕುಳಿಗಳು ಹುಟ್ಟಿದವು. ಅಲ್ತಾಫ ಮಾಸ್ತರರ ಅಂಚುಗಳನ್ನು ಅದರ ಮೇಲಿಟ್ಟು ಸರಿಸುತ್ತ ಹೋದ. ಅರ್ಧ ಕುಳಿ ತನ್ನ ಅರ್ಧವನ್ನು ಕೂಡಿತು. ಕೆಳಗಿನ ಮೂರು ತಮ್ಮ ಜಾಗದಲ್ಲಿದ್ದವು.

ಅಲ್ತಾಫ ಕಣ್ಣು ಒರೆಸಿಕೊಂಡು ಯಂತ್ರ ಚಾಲೂ ಮಾಡಿದ.

ಭಾನುವಾರ ಸಂಗಪ್ಪ ಮೈದಾ ಅಂಟು ಕಾಸಿಕೊಂಡು ಕಾದಿದ್ದರು. ದ್ರೌಪತಿ ಇವತ್ತು ಒಳಗೆ ಬಂದಳು. ಹಾಳೆಯ ಬೆನ್ನಿಗೆ ಅಂಟು ಬಳಿದದ್ದಾಯಿತು. ಆದರೆ ಬೆಂಚಿನ ಮೇಲೆ ಹತ್ತಿದ ಮಾಸ್ತರರು ಹಾಳೆ ಹಿಡಿದುಕೊಂಡೇ ನಿಂತರು. ಇದನ್ನು ಹಚ್ಚಿದರೆ ಮಗಳದೆಂದು ಮಾಡುವ ಕೆಲಸ ಇನ್ನೇನೂ ಉಳಿಯುವುದಿಲ್ಲ. ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು?

"ಅಂಟು ಆರಾಕತ್ತದ, ಸರ್," ಎಂದರು ಸಂಗಪ್ಪ ಮೆಲ್ಲಗೆ.

ದ್ರೌಪತಿ ಬೆಂಚು ಹತ್ತಿದಳು. ಗಂಡನ ಕೈಯ ಮೇಲೆ ತನ್ನ ಕೈಯಿಟ್ಟು ಹಾಳೆಯನ್ನು ಗೋಡೆಗೆ ಒತ್ತಿದಳು. ಆಮೇಲೆ, ಮಣ್ಣಿನ ಗೋಡೆ ಸಾರಿಸಿದ ಕೈಯಲ್ಲವೇ, ಅಂಗೈಯನ್ನು ನಡುವಿನಿಂದ ಅಂಚಿಗೆ ನೂಕುತ್ತ ಒಳಗಿನ ಗಾಳಿಯನ್ನೆಲ್ಲ ಹೊರಗೆ ಹಾಕಿದಳು. ಹಾಳೆ ಕೂತಿತು.

ಮಾಸ್ತರರು ಬಗ್ಗಿ ನೋಡಿ, "ಅಯ್ಯೋ," ಎಂದರು. "ಒಂದು ಕಾಳಿನಷ್ಟು ಕೆಳಗ ಸರದದ. ತಗೀ, ತಗೀ, ಮತ್ತ ಹಚ್ಚೂಣು."

"ಹಸಿ ಹಾಳಿ, ಹರೀತದ. ಬಿಡ್ರಿ."

"ಅಳತಿ ತಪ್ತು. ಅಕಿ ಎಷ್ಟು ಚಂದ ಹಚ್ಚಿದ್ಳು—"

"ಎಲ್ಲಿ ಚಂದ?" ದ್ರೌಪತಿ ಬೆರಳು ಮಾಡಿದಳು. "ಮ್ಯಾಲಿಂದು ನೋಡ್ರಿ, ಸೊಟ್ಟ. ಆ ಮೂಲಿಂದು ಇನ್ನೂ ಸೊಟ್ಟ. ಕೆಳಗ ಎರಡರ ನಡುವ ಗೋಡಿನೇ ಕಾಣಸ್ತದ."

ಮಾಸ್ತರರು ಬೆಂಚಿನಿಂದ ಇಳಿದು, ಬೀರುವಿಗೆ ಬೆನ್ನು ತಾಗುವವರೆಗೆ ಹಿಂದೆ ಸರಿದರು. ಹೌದು, ಸೊಟ್ಟ ಇತ್ತು. ಒಂದು ಹಾಳೆಯ ತುದಿ ಮಡಚಿಕೊಂಡಿತ್ತು, ಅದನ್ನು ಮಗಳು ಅವಸರದಲ್ಲಿ ಬೆರಳಿನಿಂದ ಒತ್ತಿದ ಗುರುತು ಅಂಟಿನಲ್ಲಿ ಹಾಗೆಯೇ ಒಣಗಿತ್ತು. ಅವರು ಹತ್ತಿರ ಹೋಗಿ ಆ ಗುರುತಿನ ಮೇಲೆ ತಮ್ಮ ಹೆಬ್ಬೆರಳಿಟ್ಟರು. ಅವರ ಹೆಬ್ಬೆರಳಿಗೆ ಅದು ಸಣ್ಣದಾಯಿತು. ಬೆರಳು ತೆಗೆಯದೆ ಹಾಗೆಯೇ ನಿಂತರು.